ಎಂಟನೇ ಹಾಡಿನ ಬಿಡುವು

ಅವನು ಬಂದಾಗ ನಾನು ಗ್ರೈಂಡರ್ ಹಿಡಿದು ಒಂದು ಗೇಟಿನ ಮೂಲೆ ಉಜ್ಜುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತು ಬಾಯಿ ಆಡಿಸುವುದು ಕಂಡಿತು, ಮಾತು ಕೇಳಲಿಲ್ಲ. ಬೆನ್ನು ಮುಚ್ಚುವಷ್ಟು ಕೂದಲು, ಕರಿ ಅಂಗಿ, ಮುಂಗೈ ತುಂಬ ಹಚ್ಚೆ. ಅಂಗಡಿ ಶಟರ್ ಸಿಕ್ಕಿಹಾಕಿಕೊಂಡು ಬಂದ ಗಿರಾಕಿ ಇರಬೇಕು ಅಂದುಕೊಂಡೆ.

"ಜೋರಾಗಿ ಹೇಳಪ್ಪಾ, ಬಾಯಲ್ಲಿ ಏನು ಇಟ್ಕೊಂಡಿದ್ದೀಯಾ?" ಎಂದು ಕೂಗಿದೆ.

ಅವನು ಮತ್ತೆ ಅಷ್ಟೇ ಮೆತ್ತಗೆ ಬಾಯಿ ಆಡಿಸಿದ. ನನಗೆ ಮೈ ಉರಿಯಿತು. ಗ್ರೈಂಡರ್ ಆರಿಸಿ ಮುಖವಾಡ ಮೇಲೆತ್ತಿದೆ.

"ಅಂಕಲ್, ನಾನು ಆ ಬ್ಯಾಂಡಲ್ಲಿ ಹಾಡೋನು."

ಆ ಬ್ಯಾಂಡು ಎಂದರೆ ಯಾವುದು ಎಂದು ಅವನು ಹೇಳಬೇಕಾಗಿರಲಿಲ್ಲ. ಒಂದು ವರ್ಷದ ಹಿಂದೆ ನನ್ನ ಮಗ ಸತ್ತದ್ದು ಇವನ ಕಾರ್ಯಕ್ರಮದಲ್ಲಿ, ಇವನ ಹಾಡಿನ ನಡುವೆ. ವೇದಿಕೆ ಮೇಲೆ ಗಂಟಲು ಹರಿಯುವ ಹಾಗೆ ಅರಚುವ ಮನುಷ್ಯ, ಎದುರಿಗೆ ನಿಂತರೆ ಹೊಸ ಸೊಸೆಯ ಹಾಗೆ ಮಾತಾಡುತ್ತಿದ್ದ. ಕೈಯಲ್ಲಿದ್ದ ಗ್ರೈಂಡರನ್ನು ಮೊದಲು ಕೆಳಗಿಟ್ಟೆ. ಇಟ್ಟಿದ್ದು ಒಳ್ಳೆಯದೇ ಆಯಿತು.

"ಏನು ಬೇಕು?"

"ಎಂಟನೇದನ್ನ ಅವತ್ತಿಂದ ನಾವು ಹಾಡಿಲ್ಲ. ಎಲ್ಲಿ ಹೋದ್ರೂ ಜನ ಅದನ್ನೇ ಕೇಳ್ತಾರೆ. ನೀವು ಹೂಂ ಅಂದ್ರೆ ಮಾತ್ರ ಹಾಡ್ತೀವಿ. ಬೇಡ ಅಂದ್ರೆ ಇನ್ಮೇಲೆ ಅದು ಇಲ್ಲ ಅಂತಲೇ ಲೆಕ್ಕ."

ಅವರ ಒಂದೇ ರೆಕಾರ್ಡಿನಲ್ಲಿ ಅದು ಎಂಟನೆಯ ಹಾಡು. ಅದಕ್ಕೊಂದು ಹೆಸರೂ ಇದೆಯಂತೆ, ಆದರೆ ಅಭಿಮಾನಿಗಳೆಲ್ಲ 'ಎಂಟನೇದು' ಎಂದೇ ಕರೆಯುತ್ತಾರೆ. ನನ್ನ ಮಗನೂ ಹಾಗೆಯೇ ಕರೆಯುತ್ತಿದ್ದ.

"ಮೊಬೈಲಲ್ಲಿ ಇದೆಯಲ್ಲ! ಅಷ್ಟು ಚಟ ಇದ್ರೆ ಅದರಲ್ಲೇ ಕೇಳ್ಕೊಂಡು ಸಾಯ್ಲಿ," ಎಂದೆ. ಸಾಯಲಿ ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಅದು ಬೇರೆ ಅಂಕಲ್. ರೆಕಾರ್ಡಲ್ಲಿ ಆ ಹಾಡು ಯಾರಿಗೂ ಇಷ್ಟ ಆಗ್ಲಿಲ್ಲ. ಸಪ್ಪೆ ಅಂತ ಬೈದ್ರು. ಎದುರಿಗೆ ನಿಂತು ಕೇಳಿದವರು ಮಾತ್ರ ಅದನ್ನ ತಲೆ ಮೇಲೆ ಹೊತ್ಕೊಂಡ್ರು."

"ನನ್ನ ಮಗನಿಗೆ ರೆಕಾರ್ಡಲ್ಲೇ ಇಷ್ಟ ಆಗಿತ್ತು."

ಅವನು ತಲೆ ತಗ್ಗಿಸಿದ. ಯೋಚನೆ ಮಾಡಿ ಹೇಳುತ್ತೇನೆ, ಈಗ ಹೊರಡು ಎಂದು ಕಳಿಸಿದೆ.

ನಮ್ಮ ಹುಡುಗನನ್ನು ಮನೆಯಲ್ಲಿ ಕಡ್ಡಿ ಎನ್ನುತ್ತಿದ್ದೆವು. ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಓದು ತಲೆಗೆ ಹತ್ತದೆ ನನ್ನ ವರ್ಕ್‌ಶಾಪಿಗೇ ಬಂದು ಸೇರಿದ. ವೆಲ್ಡಿಂಗ್ ಮುಖವಾಡದ ಕೆಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಿದ್ದ. ನಾನು ಹತ್ತು ಸಲ ಕೂಗಿದರೆ ಒಂದು ಸಲ ತಿರುಗುತ್ತಿದ್ದ. ಒಂದು ದಿನ ರೇಗಿ ಅದನ್ನು ಕಿತ್ತು ನನ್ನ ಕಿವಿಗೆ ಇಟ್ಟುಕೊಂಡೆ. ಎಣ್ಣೆ ಕಾಣದ ಶಟರನ್ನು ಯಾರೋ ದರದರನೆ ಎಳೆದ ಹಾಗಿತ್ತು.

"ಏನೋ ಇದು?"

"ಹೆವಿ ಮೆಟಲ್ ಅಪ್ಪಾ."

"ಬೆಳಗ್ಗಿಂದ ಸಂಜೆತನಕ ಕಬ್ಬಿಣ ಬಡಿಯೋ ನಂಗೇ ಮೆಟಲ್ ಕೇಳಿಸ್ತೀಯೇನೋ? ಇದಕ್ಕೆ ದುಡ್ಡು ಬೇರೆ ಕೊಡ್ತಾರಾ? ಹಾಗಾದ್ರೆ ನಮ್ಮ ಅಂಗಡಿ ಮುಂದೆ ಟಿಕೆಟ್ ಇಡು."

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅದೇ ನಮ್ಮ ನಡುವಿನ ತಮಾಷೆಯಾಯಿತು. ನಾನು ತಗಡು ಕತ್ತರಿಸುವಾಗೆಲ್ಲ, "ಅಪ್ಪಾ, ಇದು ಯಾವ ಆಲ್ಬಂದು?" ಎಂದು ಕಾಲೆಳೆಯುತ್ತಿದ್ದ.

ಮನೆಯಲ್ಲಿ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅವನು ಸಣ್ಣ ಸ್ಪೀಕರ್ ಹಚ್ಚುತ್ತಿದ್ದ. ದಿನವೂ ಎಂಟನೇದೇ. ನನ್ನ ಹೆಂಡತಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಬಚ್ಚಲ ಪಕ್ಕದ ಗೋಡೆಗೇ ಅವಳ ಮಿಷನ್. ಮೊದಮೊದಲು, "ಇವನ ಹಾಡಿಗೆ ಬೆಂಕಿ ಬೀಳ," ಎಂದು ಗೊಣಗುತ್ತಿದ್ದವಳು, ಬರಬರುತ್ತಾ ಬಯ್ಯುವುದನ್ನೂ ಮರೆತಳು. ಆ ಹಾಡಿನ ನಡುವೆ ಒಂದು ಕಡೆ ಎಲ್ಲ ಗಲಾಟೆ ಒಮ್ಮೆಲೇ ನಿಂತು, ಎರಡು ಏಟು ಬೀಳುವಷ್ಟು ಹೊತ್ತು ಏನೂ ಇರುವುದಿಲ್ಲ. ಆಮೇಲೆ ಡ್ರಮ್ಮು ಧಡ್ ಎಂದು ಬೀಳುತ್ತದೆ. ಆ ಜಾಗ ಬಂದಾಗ ಅವಳ ಮಿಷನ್ನೂ ನಿಲ್ಲುತ್ತಿತ್ತು, ಡ್ರಮ್ಮಿನ ಜೊತೆಗೇ ಅವಳ ಕಾಲೂ ಪೆಡಲ್ ಒತ್ತುತ್ತಿತ್ತು. ಅವಳಿಗೇ ಗೊತ್ತಿರುತ್ತಿರಲಿಲ್ಲ. ಕಡ್ಡಿ ಬಚ್ಚಲೊಳಗಿಂದ, "ಅಮ್ಮಾ, ಅವರ ಡ್ರಮ್ಮರ್ ಕೈಕೊಟ್ರೆ ನೀನೇ ಹೋಗು," ಎಂದು ಕೂಗುತ್ತಿದ್ದ.

ಆ ಬ್ಯಾಂಡು ನಮ್ಮೂರಿಗೆ ಬಂದದ್ದು ಒಂದೇ ಸಲ. ಅವನು ಅವರನ್ನು ಕಣ್ಣಾರೆ ನೋಡಿದ್ದೂ ಅದೊಂದೇ ಸಲ. ಹೋಗುವ ದಿನ ಹೊಸ ಬೂಟು ಹಾಕಿಕೊಂಡು ಹೊರಟ.

ಆ ಜನ ಎಂಟನೇದಕ್ಕೆ ಒಂದು ಆಟ ಆಡುತ್ತಾರೆ. ಹಾಡುಗಾರ ಎರಡು ಕೈ ಅಗಲಿಸಿದರೆ ಗುಂಪು ಎರಡಾಗಿ ಸರಿದು ನಡುವೆ ಖಾಲಿ ಜಾಗ ಬಿಡುತ್ತದೆ. ಡ್ರಮ್ಮು ಬಿದ್ದೊಡನೆ ಎರಡೂ ಕಡೆಯವರು ಓಡಿಬಂದು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಬಿದ್ದವರನ್ನು ತಕ್ಷಣ ಎತ್ತಬೇಕು, ಅದು ಅವರ ಕಟ್ಟುನಿಟ್ಟು. ಅವತ್ತು ನನ್ನ ಮಗ ಡ್ರಮ್ಮಿಗೆ ಮೊದಲೇ ಆ ಖಾಲಿ ಜಾಗಕ್ಕೆ ಓಡಿದ. ಒಬ್ಬನೇ. ನಡುವೆ ನಿಂತ. ಆಗ ಎರಡೂ ಕಡೆಯಿಂದ ಬಂದವರ ನಡುವೆ ಸಿಕ್ಕಿ, ತಲೆ ಹಿಂದಾಗಿ ಸಿಮೆಂಟ್ ನೆಲಕ್ಕೆ ಬಿದ್ದ. ಎತ್ತಿದರು, ಆಸ್ಪತ್ರೆಗೂ ಓಡಿದರು. ನಾವು ಹೋಗುವಷ್ಟರಲ್ಲಿ ಮುಗಿದಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವೋ ಏನೋ. ಯಾರೋ ಮೊಬೈಲಲ್ಲಿ ಹಿಡಿದ ವಿಡಿಯೋ ಎಲ್ಲರ ಕೈಗೂ ಹೋಯಿತು. ಅದರಲ್ಲಿ ಕಡ್ಡಿ ಎರಡು ಕೈ ಅಗಲಿಸಿಕೊಂಡು ಖಾಲಿ ಜಾಗಕ್ಕೆ ಓಡುತ್ತಾನೆ. ನಾನು ಒಂದೇ ಸಲ ನೋಡಿದೆ, ಇನ್ನೊಮ್ಮೆ ನೋಡುವ ಧೈರ್ಯವಾಗಲಿಲ್ಲ. ಕುಡಿದಿದ್ದ ಎಂದರು. ಆಸ್ಪತ್ರೆಯವರು ಕುಡಿದಿರಲಿಲ್ಲ ಎಂದು ಹೇಳಿದ ಮೇಲೆ ಮಾತು ಬದಲಾಯಿತು: ಬೇಕೆಂದೇ ಓಡಿದ್ದಾನೆ, ಸಾಯಲಿಕ್ಕೇ ಹೋಗಿದ್ದಾನೆ, ಮುಖ ನೋಡಿದರೇ ಗೊತ್ತಾಗುತ್ತೆ. ಪೊಲೀಸರೂ 'ಅವನಾಗಿಯೇ ಓಡಿದ್ದು' ಎಂದು ಕೈ ತೊಳೆದುಕೊಂಡರು. ಮುಖ ನೋಡಿ ಮನಸ್ಸು ಓದುವ ಈ ಮಹಾನುಭಾವರು ಒಬ್ಬೊಬ್ಬರಾಗಿ ನನ್ನ ಕೈಗೆ ಸಿಗಬೇಕಿತ್ತು.

ಆದರೆ ನನ್ನ ಹೆಂಡತಿ ಅದನ್ನು ನಂಬಿಬಿಟ್ಟಳು. ನಂಬಬಾರದು ಎಂದುಕೊಂಡರೂ ಆ ಮಾತನ್ನು ತಲೆಯಿಂದ ಬಿಡಲಾಗಲಿಲ್ಲ ಅವಳಿಗೆ. "ರೀ, ಅವನಿಗೆ ನಾವು ಏನು ಕಮ್ಮಿ ಮಾಡಿದ್ವಿ?" ಎಂದು ಒಂದೇ ಒಂದು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ, ಒಳಗೊಳಗೇ ಅಗೆಯುತ್ತಿದ್ದಳು. ಹಿಂದಿನ ದಿನ ಊಟ ಅರ್ಧಕ್ಕೆ ಬಿಟ್ಟಿದ್ದ, ಯಾಕೆ? ಹೊರಡುವಾಗ ಬಾಗಿಲಿಂದ ವಾಪಸ್ ಬಂದು ನೀರು ಕುಡಿದಿದ್ದ, ಏನೋ ಹೇಳೋಕೆ ಬಂದಿದ್ನಾ? ಹೊಲಿಯುತ್ತಾ ಹೊಲಿಯುತ್ತಾ ಒಂದು ತೋಳನ್ನು ಕತ್ತಿನ ಜಾಗಕ್ಕೆ ಜೋಡಿಸಿ, ಮತ್ತೆ ಬಿಚ್ಚಿ, ಮತ್ತೆ ಹಾಗೇ ಜೋಡಿಸುತ್ತಿದ್ದಳು. ಮಗ ಹೋದ, ಇವಳೂ ಕಣ್ಣೆದುರೇ ಕರಗುತ್ತಿದ್ದಾಳೆ ಎಂದು ನನಗೆ ಕೈಕಾಲು ಆಡುತ್ತಿರಲಿಲ್ಲ.

ಅದಕ್ಕೇ ಕಡ್ಡಿಯ ಇಯರ್‌ಫೋನ್ ನಾನು ಹಾಕಿಕೊಂಡೆ. ವರ್ಷವಿಡೀ ವರ್ಕ್‌ಶಾಪಿನಲ್ಲಿ ಅದೇ ಹಾಡು ಕೇಳಿದೆ. ಸಾಯಿ ಅಂತ ಎಲ್ಲಾದರೂ ಹೇಳುತ್ತಾನಾ ಎಂದು ಹುಡುಕುತ್ತಿದ್ದೆ. ಆ ಅರಚಾಟದಲ್ಲಿ ಒಂದು ಅಕ್ಷರ ಅರ್ಥವಾಗಿದ್ದರೆ ಕೇಳಿ. ಇಷ್ಟವೂ ಆಗಲಿಲ್ಲ. ಆದರೆ ಎಲ್ಲಿ ಏರುತ್ತೆ, ಎಲ್ಲಿ ನಿಲ್ಲುತ್ತೆ, ಎಲ್ಲಿ ಡ್ರಮ್ಮು ಬೀಳುತ್ತೆ ಎಲ್ಲ ಬಾಯಿಪಾಠವಾಯಿತು. ಸುತ್ತಿಗೆ ತಾನಾಗಿಯೇ ಅದರ ಲೆಕ್ಕಕ್ಕೆ ಬೀಳತೊಡಗಿತು.

ಹಾಡುಗಾರ ಬಂದುಹೋದ ಮೇಲೆ ನಾನೇ ಫೋನ್ ಮಾಡಿದೆ. "ನಾನು ಎದುರಿಗೆ ನಿಂತು ಕೇಳಬೇಕು. ಅವತ್ತು ಹೇಗೆ ಹಾಡಿದ್ರೋ ಹಾಗೇ ಹಾಡಿ. ಆಮೇಲೆ ಹೇಳ್ತೀನಿ."

ಪಕ್ಕದ ಊರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಕಾರ್ಯಕ್ರಮವಿತ್ತು. ಮನೆಯಲ್ಲಿ ಕಬ್ಬಿಣದ ಅಂಗಡಿಗೆ ಹೋಗಿಬರುತ್ತೇನೆ ಎಂದು ಹೇಳಿ ಹೊರಟೆ. ಇದೂ ಮೆಟಲ್ಲೇ ತಾನೆ, ಪೂರ್ತಿ ಸುಳ್ಳೇನಲ್ಲ ಎಂದು ಬಸ್ಸಿನಲ್ಲಿ ಅನ್ನಿಸಿ ನಗು ಬಂತು. ಮಗ ಇದ್ದಿದ್ದರೆ ಅವನಿಗೆ ಹೇಳಬಹುದಾಗಿತ್ತು.

ಹಳೆಯ ಗೋದಾಮನ್ನೇ ಹಾಲ್ ಮಾಡಿದ್ದರು. ಸಿಮೆಂಟ್ ನೆಲ, ತಗಡಿನ ಸೂರು. ವೇದಿಕೆ ಪಕ್ಕದಲ್ಲಿ ಹಾಡುಗಾರ ನನಗೊಂದು ಕುರ್ಚಿ ಹಾಕಿಸಿದ್ದ. "ಕುರ್ಚಿ ನಿನ್ನ ಹತ್ರಾನೇ ಇರಲಿ, ನನ್ನ ಮಗ ನಿಂತಿದ್ದ ಹಾಗೆ ಗುಂಪಿನ ನಡುವೆಯೇ ನಿಲ್ತೀನಿ," ಎಂದೆ. ನಾನು ಯಾರು ಎಂದು ಯಾರಿಗೂ ಹೇಳಬೇಡ ಎಂದೂ ಹೇಳಿದೆ.

ಎಲ್ಲ ಕರಿ ಅಂಗಿಗಳ ನಡುವೆ ನನ್ನದೊಂದೇ ಚೌಕಳಿ ಅಂಗಿ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, "ಅಂಕಲ್, ಕಿವಿಗೆ ಹತ್ತಿ ಬೇಕಾ?" ಎಂದಳು.

"ಬೇಡಮ್ಮಾ. ನನ್ನ ಕಿವಿ ಗ್ರೈಂಡರ್ ತಿಂದು ಎಷ್ಟೋ ವರ್ಷ ಆಯ್ತು."

ಅವಳ ಹಿಂದೆ ನಿಂತಿದ್ದ ದೈತ್ಯನೊಬ್ಬ ಗಹಗಹಿಸಿ ನಕ್ಕ. ಅವನನ್ನು ಎಲ್ಲರೂ ಟ್ಯಾಂಕರ್ ಎಂದು ಕರೆಯುತ್ತಿದ್ದರು. ನೀರಿನ ಟ್ಯಾಂಕರ್ ಓಡಿಸುತ್ತಾನಂತೆ, ಮೈಕಟ್ಟೂ ಹಾಗೇ ಇತ್ತು. ಆ ನಗುವನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು.

ಮೊದಲು ಬಂದ ಹಾಡುಗಳು ರೆಕಾರ್ಡಿನಲ್ಲಿದ್ದ ಹಾಗೆಯೇ ಇದ್ದವು, ಸ್ವಲ್ಪ ಹೆಚ್ಚು ಗಲಾಟೆ ಅಷ್ಟೇ. ಜನ ತಲೆ ಆಡಿಸಿದರು, ಕಿರುಚಿದರು. ನಾನು ಕೈಕಟ್ಟಿ ನಿಂತಿದ್ದೆ. ಆಮೇಲೆ ಹಾಡುಗಾರ ಮೈಕಿನ ಹತ್ತಿರ ಬಂದು ಎರಡು ಕೈ ಮುಂದಕ್ಕೆ ಚಾಚಿ, ನಿಧಾನವಾಗಿ ಅಗಲಿಸಿದ. ಹಾಲಿನಲ್ಲಿ ಒಂದು ಉಸಿರು ಎಳೆದುಕೊಂಡ ಸದ್ದು. ಗುಂಪು ಎರಡಾಯಿತು. ನನ್ನ ಪಾದದ ಮುಂದೆ ಖಾಲಿ ನೆಲ ಬಿದ್ದುಕೊಂಡಿತು.

ಎಂಟನೇದು ಶುರುವಾಯಿತು. ಅಯ್ಯೋ, ಅದನ್ನು ಹೇಗೆ ಹೇಳಲಿ? ನಾನು ವರ್ಷವಿಡೀ ಕೇಳಿದ ಹಾಡಲ್ಲ ಅದು. ಅದೇ ಹಾಡೇ, ಆದರೆ ಕಿವಿಗೆ ಬರಲಿಲ್ಲ, ಅಂಗಾಲಿನಿಂದ ಹತ್ತಿತು. ಮೊಣಕಾಲು, ಹೊಟ್ಟೆ, ಪಕ್ಕೆಲುಬು ಎಲ್ಲ ನಡುಗಿ ಗಂಟಲಿಗೆ ಬಂದು ನಿಂತಿತು. ಪಕ್ಕದವರ ತೋಳು ನಡುಗುವುದು ನನ್ನ ತೋಳಿಗೆ ತಾಗುತ್ತಿತ್ತು. ಮಗನ ಜೀವ ತಿಂದ ಹಾಡು, ಇದಕ್ಕೆ ನಾನು ತಲೆ ಆಡಿಸಬಾರದು ಎಂದು ಹಲ್ಲು ಕಚ್ಚಿ ನಿಂತೆ. ತಲೆ ಆಡುತ್ತಲೇ ಇತ್ತು.

ಆಮೇಲೆ ಎಲ್ಲ ಒಮ್ಮೆಲೇ ನಿಂತಿತು. ಒಂದು. ಎರಡು. ನನ್ನ ಕಾಲು ಮುಂದೆ ಹೋಯಿತು.

ನಾನು ಹೋಗಬೇಕು ಎಂದುಕೊಂಡಿರಲಿಲ್ಲ. ಬಿಸಿ ತಗಡು ತಾಗಿದ ಕೈ ತಾನಾಗಿ ಹಿಂದೆ ಬರುವ ಹಾಗೆ, ನನ್ನ ಕಾಲು ತಾನಾಗಿ ಹೋಯಿತು. ಆದರೆ ಡ್ರಮ್ಮು ಬೀಳಲಿಲ್ಲ. ಯಾರೂ ಕದಲಲಿಲ್ಲ. ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಿದ್ದರು, ನಾನೊಬ್ಬ ಮಾತ್ರ ಮುಂದಕ್ಕೆ ವಾಲಿದ್ದೆ. ಹಿಂದಿನಿಂದ ಒಂದು ಕೈ ನನ್ನ ಅಂಗಿಯ ಕಾಲರ್ ಹಿಡಿದು ಎಳೆಯಿತು.

"ತಾಳಿ ಅಂಕಲ್, ಇನ್ನೂ ಇದೆ," ಎಂದು ಟ್ಯಾಂಕರ್ ಕಿವಿಯಲ್ಲಿ ಹೇಳಿದ.

ಕಡ್ಡಿ ಸಾಯಲಿಕ್ಕೆ ಓಡಿರಲಿಲ್ಲ. ನನ್ನ ಕಾಲು ಹೋದ ಹಾಗೆ ಅವನ ಕಾಲೂ ಹೋಗಿತ್ತು. ಬಚ್ಚಲಲ್ಲಿ, ವರ್ಕ್‌ಶಾಪಿನಲ್ಲಿ, ಬಸ್ಸಿನಲ್ಲಿ ಸಾವಿರ ಸಲ ಕೇಳಿದ ಆ ಎರಡು ಏಟಿನ ಬಿಡುವು ಅವನ ಮೈಯಲ್ಲಿ ಕೂತಿತ್ತು. ಇಲ್ಲಿ ಇವರು ಅದನ್ನು ಇಷ್ಟು ಹೊತ್ತು ಎಳೆಯುತ್ತಾರೆ ಎಂದು ಅವನಿಗೆ ಯಾರು ಹೇಳಿದ್ದರು? ಅವನು ಖುಷಿಯಿಂದ, ಎರಡೂ ಕೈ ಚಾಚಿ, ಎಲ್ಲರೂ ಜೊತೆಗೆ ಓಡಿಬರುತ್ತಾರೆ ಎಂದುಕೊಂಡು ಓಡಿದ್ದ.

ಆ ಮೌನ ಇನ್ನೂ ಇತ್ತು. ಸೂರಿನ ತಗಡು ಬಿಸಿಲಿಗೆ ಟಿಕ್ ಎಂದದ್ದು ಕೇಳಿಸಿತು. ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಇದು ಮುಗಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಡ್ರಮ್ಮು ಬಿತ್ತು. ಕಾಲರ್ ಹಿಡಿದ ಕೈ ಸಡಿಲವಾಯಿತು. ನಾನು ಓಡಿದೆ. ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ, ಬಾಯಿ ತೆರೆದು ಕಿರುಚುತ್ತಾ ಓಡಿಹೋಗಿ ಯಾರದೋ ಎದೆಗೆ ಢಿಕ್ಕಿ ಹೊಡೆದೆ. ಬಿದ್ದೆ. ನಾಲ್ಕೈದು ಕೈಗಳು ಕಂಕುಳಿಗೆ ಬಂದು ಎತ್ತಿ ನಿಲ್ಲಿಸಿದವು. ಮತ್ತೆ ಢಿಕ್ಕಿ ಹೊಡೆದೆ. ನಾಚಿಕೆಗೇಡು ಎಂದರೆ ಅನ್ನಿ, ಆ ಹೊತ್ತು ನನಗೆ ಖುಷಿಯಾಗಿತ್ತು.

ಮುಗಿದ ಮೇಲೆ ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಟ್ಯಾಂಕರ್ ಬಂದು ಪಕ್ಕದಲ್ಲಿ ನಿಂತ.

"ಮೊದಲ್ನೇ ಸಲನಾ ಅಂಕಲ್?"

"ಹೂಂ."

"ಅದಕ್ಕೇ. ಮೊಬೈಲಲ್ಲಿ ಮಾತ್ರ ಕೇಳಿ ಬಂದವರು ಎಲ್ಲರೂ ಅಲ್ಲೇ ಎಡವೋದು. ನಾವು ಅವರನ್ನ 'ಮೊಬೈಲ್ ಮರಿ' ಅಂತೀವಿ. ಎದುರಿಗೆ ಕೇಳಿದವನಿಗೆ ಮಾತ್ರ ಆ ಬಿಡುವು ಎಷ್ಟು ಉದ್ದ ಅಂತ ಗೊತ್ತಿರುತ್ತೆ."

"ಎಡವಿದ್ರೆ ಏನು ಮಾಡ್ತೀರಿ?"

"ಎಂಟನೇದನ್ನ ಮತ್ತೆ ಯಾವತ್ತಾದ್ರೂ ಹಾಡಿದ್ರೆ ಯಾರನ್ನೂ ಬಿಡಬಾರದು, ಹಿಡ್ಕೋಬೇಕು ಅಂತ ಮೊದಲೇ ಮಾತಾಡ್ಕೊಂಡಿದ್ವಿ." ಅವನು ನೀರು ಕುಡಿದು ಬಾಯಿ ಒರೆಸಿಕೊಂಡ. "ಮುಂಚೆ ಬಿಟ್ಬಿಡ್ತಿದ್ವಿ. ಓಡ್ಲಿ ಅಂತ. ನಡುವೆ ಹೋಗಿ ಪೆಚ್ಚು ಮೋರೆ ಹಾಕ್ಕೊಂಡು ನಿಲ್ತಾರಲ್ಲ, ಎಲ್ಲರೂ ನಗ್ತಿದ್ವಿ. ಡ್ರಮ್ ಬರೋಷ್ಟರಲ್ಲಿ ನಾಚ್ಕೊಂಡು ವಾಪಸ್ ಓಡಿ ಬರೋರು. ಹೋದ ವರ್ಷ ಒಬ್ಬ ಹುಡುಗ..."

"ಅವನು ವಾಪಸ್ ಓಡಿ ಬರಲಿಲ್ಲ."

"ಹೂಂ. ನಗ್ತಾ ಇರೋರನ್ನ ನೋಡ್ತಾ ನಿಂತ್ಬಿಟ್ಟ."

"ನನ್ನ ಮಗ," ಎಂದೆ.

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಹರಿಯುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ. ಆಮೇಲೆ, ಅದನ್ನು ಹೇಳಲೇಬೇಕಾಗಿರಲಿಲ್ಲ ಅವನು, ಆದರೂ ಹೇಳಿದ: "ವಿಡಿಯೋದಲ್ಲಿ ಒಂದು ನಗು ಜೋರಾಗಿ ಕೇಳ್ಸುತ್ತಲ್ಲ ಅಂಕಲ್, ಅದು ನಂದೇ."

ಕೈ ಎತ್ತಿ ಅವನ ಕೆನ್ನೆಗೆ ಬಾರಿಸಿದೆ. ಕಬ್ಬಿಣ ಹಿಡಿದ ಕೈ ಇದು, ಆ ದೈತ್ಯನೂ ಒಂದು ಹೆಜ್ಜೆ ಹಿಂದೆ ಹೋದ. ಸುತ್ತಲಿದ್ದವರು ಓಡಿಬಂದರು. ಅವನೇ ಅವರನ್ನು ತಡೆದ. ಇನ್ನೊಂದು ಬಾರಿಸೋಣ ಎಂದು ಕೈ ಎತ್ತಿದೆ, ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ಕಾಲರ್ ಹಿಡಿದದ್ದೂ ಅವನೇ. ಆ ಒಂದು ಕೈ ಹೋದ ವರ್ಷ ಚಾಚಿದ್ದರೆ ಸಾಕಿತ್ತು. ಇಷ್ಟೇ ಇಷ್ಟು ಸಾಕಿತ್ತು.

ಗಲಾಟೆ ಕೇಳಿ ಹಾಡುಗಾರ ಹೊರಗೆ ಬಂದ. ಅವನನ್ನು ಗೋಡೆಗೆ ನಿಲ್ಲಿಸಿ ಕೇಳಿದೆ: "ಇಲ್ಲಿ ಅಷ್ಟು ಹೊತ್ತು ನಿಲ್ಲಿಸ್ತೀಯಾ, ರೆಕಾರ್ಡಲ್ಲಿ ಯಾಕಿಲ್ಲ?"

"ಮೊದಲು ಇತ್ತು ಅಂಕಲ್. ನಮ್ಮಪ್ಪ ಕೆಲಸ ಮಾಡ್ತಿದ್ದ ಕಾರ್ಖಾನೆ ಮುಚ್ಚಿದ ದಿನದ ಹಾಡು ಅದು. ಗೇಟ್ ಮುಂದೆ ಎಲ್ಲರೂ ಸೈರನ್ ಆಗುತ್ತೆ ಅಂತ ಕಾಯ್ತಿದ್ರು, ಆಗಲಿಲ್ಲ. ಆ ಮೌನ ಅದೇ. ರೆಕಾರ್ಡ್ ಮಾಡೋರು ಬೇಡ ಅಂದ್ರು. ಅಷ್ಟು ಹೊತ್ತು ಸದ್ದಿಲ್ಲ ಅಂದ್ರೆ ಜನ ಮೊಬೈಲ್ ಕೆಟ್ಟಿದೆ ಅನ್ಕೊಂಡು ಮುಂದಿನ ಹಾಡಿಗೆ ಹೋಗ್ತಾರೆ ಅಂದ್ರು. ಕತ್ತರಿಸಿದ್ವಿ."

ಮೊಬೈಲ್ ಕೆಟ್ಟಿದೆ ಅನ್ಕೋತಾರಂತೆ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಯವಳನ್ನು ಕೇಳಿ ಹೇಳುತ್ತೇನೆ ಎಂದು ಬಸ್ಸು ಹತ್ತಿದೆ.

ಮಾರನೆಯ ಬೆಳಿಗ್ಗೆ ಅವಳು ಮಿಷನ್ ಮುಂದೆ ಕೂತಿದ್ದಳು. ನಾನು ಕಡ್ಡಿಯ ಸ್ಪೀಕರ್ ತಂದು ಕಿಟಕಿಯಲ್ಲಿಟ್ಟು ಹಾಡು ಹಚ್ಚಿದೆ. ಅವಳು ಬೆಚ್ಚಿಬಿದ್ದಳು.

"ಏನ್ರೀ ಇದು, ಬೆಳಗ್ಗೆ ಬೆಳಗ್ಗೆ? ಆಫ್ ಮಾಡಿ."

"ನೀನು ಹೊಲಿ. ಒಂದು ಸಲ ನನ್ನ ಮಾತು ಕೇಳು."

ನನ್ನನ್ನು ದುರುಗುಟ್ಟಿ ನೋಡಿ, ಬಟ್ಟೆಗೆ ತಲೆ ಬಗ್ಗಿಸಿದಳು. ಮಿಷನ್ ಓಡತೊಡಗಿತು. ಹಾಡು ಏರಿ ಏರಿ ಒಮ್ಮೆಲೇ ನಿಂತಿತು, ಮಿಷನ್ನೂ ನಿಂತಿತು. ನಾನು ಅಲ್ಲೇ ಬೆರಳಿಟ್ಟು ಮೊಬೈಲನ್ನು ನಿಲ್ಲಿಸಿಬಿಟ್ಟೆ. ಡ್ರಮ್ಮು ಬರಲಿಲ್ಲ. ಅವಳ ಕಾಲು ಮಾತ್ರ ಪೆಡಲ್ ಒತ್ತಿತು. ಮಿಷನ್ ಒಂದು ಮೊಳ ಓಡಿ ನಿಂತಿತು.

"ನೋಡು, ನಿನ್ನ ಕಾಲು."

"ಏನಾಯ್ತು ನನ್ನ ಕಾಲಿಗೆ?"

ಎಲ್ಲ ಹೇಳಿದೆ. ನನ್ನ ಕಾಲು ಹೋದದ್ದು, ಕಾಲರ್ ಹಿಡಿದದ್ದು, ಅಲ್ಲಿ ಬಿಡುವು ಉದ್ದ ಎಂದು ಕಡ್ಡಿಗೆ ಗೊತ್ತಿರಲಿಲ್ಲ ಎನ್ನುವುದು. ಅವಳು ಹೊಲಿಯುತ್ತಿದ್ದ ಚಡ್ಡಿಯನ್ನು ಮುದುಡಿ ಮಡಿಲಲ್ಲಿ ಹಿಡಿದುಕೊಂಡಿದ್ದಳು.

"ಹಾಗಾದ್ರೆ ಅವನು ಸಾಯೋಕೆ ಹೋಗಿರಲಿಲ್ಲ."

"ಇಲ್ಲ ಕಣೇ. ಆಡೋಕೆ ಹೋಗಿದ್ದ."

ಆ ಚಡ್ಡಿಯಲ್ಲಿ ಮುಖ ಮುಚ್ಚಿಕೊಂಡು ಅವಳು ಅತ್ತದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ವರ್ಷದಿಂದ ಕಟ್ಟಿಕೊಂಡಿದ್ದೆಲ್ಲ ಬಂತು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಬೆನ್ನು ಸವರಿದೆ.

ಅಳು ನಿಂತ ಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಅಲ್ಲಿದ್ದವರು ನಗ್ತಾರಲ್ಲ, ಯಾಕೆ?"

ಆ ವಿಡಿಯೋದಲ್ಲಿ ನಗು ಇದೆ ಎಂದು ಅವಳು ಒಂದು ದಿನವೂ ನನಗೆ ಹೇಳಿರಲಿಲ್ಲ. ಮುಚ್ಚಿಡೋಣ ಅನ್ನಿಸಿತು. ಮುಚ್ಚಿಟ್ಟರೆ ಅದನ್ನೂ ಇವಳು ವರ್ಷಗಟ್ಟಲೆ ಅಗೆಯುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾರಿಸಿದ್ದನ್ನೂ ಹೇಳಿದೆ.

"ಒಂದೇನಾ?" ಎಂದಳು.

"ಒಂದೇ."

"ನಾನಿದ್ದಿದ್ರೆ ಒಂದಕ್ಕೆ ಬಿಡ್ತಿರಲಿಲ್ಲ." ಮಿಷನ್ನಿನ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. "ಹಾಡು ಹೇಗಿತ್ತು ರೀ? ಅಲ್ಲಿ?"

ಬೈದರೆ ಬೈಯಲಿ ಎಂದು, "ಚೆನ್ನಾಗಿತ್ತು ಕಣೇ. ತುಂಬಾ ಚೆನ್ನಾಗಿತ್ತು. ಇನ್ನೊಂದು ಸಲ ಕೇಳಬೇಕು ಅನ್ಸುತ್ತೆ," ಎಂದೆ.

ಅವಳು ಬೈಯಲಿಲ್ಲ. "ಪಾಪ, ಅವನಿಗೆ ಅರ್ಧ ಹಾಡೇ ಸಿಕ್ಕಿದ್ದು," ಎಂದಳು.

ಹಾಡುಗಾರನಿಗೆ ಏನು ಹೇಳಲಿ ಎಂದು ಕೇಳಿದೆ. ಅವಳು 'ಹಾಡಲಿ' ಎನ್ನಲಿ ಎಂದು ನನ್ನ ಮನಸ್ಸು ಒಳಗೊಳಗೇ ಕಾಯುತ್ತಿತ್ತು, ಅದೂ ನಿಜ. ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಮನೇಲಿ ಒಂದು ಅಳತೆ, ಅಲ್ಲಿ ಒಂದು ಅಳತೆ ಆದ್ರೆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಮೊದಲು ರೆಕಾರ್ಡ್ ಸರಿ ಮಾಡ್ಲಿ. ಅಲ್ಲಿ ಎಷ್ಟು ಹೊತ್ತು ನಿಲ್ಲಿಸ್ತಾರೋ ಅಷ್ಟೇ ಹೊತ್ತು ಇದರಲ್ಲೂ ನಿಲ್ಲಿಸ್ಲಿ. ಹಳೇದನ್ನ ಎಲ್ಲಾ ಕಡೆಯಿಂದ ತೆಗೆದುಹಾಕ್ಲಿ. ಆಮೇಲೆ ಎಲ್ಲಿ ಬೇಕಾದ್ರೂ ಹಾಡ್ಕೊಳ್ಳಲಿ."

ಅವರು ಹಾಗೆಯೇ ಮಾಡಿದರು. ಹೊಸ ರೆಕಾರ್ಡ್ ಬಂದಾಗ ಬೈದವರೂ ಇದ್ದರು. ಹಾಡು ಹಾಳಾಯಿತು, ನಡುವೆ ಸತ್ತ ಹಾಗಿದೆ ಎಂದರಂತೆ ಎದುರಿಗೆ ಕೇಳದವರು. ಎದುರಿಗೆ ಕೇಳಿದವರು ಮಾತ್ರ ಈಗ ಸರಿಯಾಯಿತು ಎಂದರಂತೆ. ಹಾಡುಗಾರ ಅದನ್ನು ನನ್ನ ಮೊಬೈಲಿಗೆ ಹಾಕಿಕೊಡಲು ವರ್ಕ್‌ಶಾಪಿಗೆ ಬಂದ. ಅವತ್ತೂ ಅವನ ಮಾತು ಕೇಳಲು ಗ್ರೈಂಡರ್ ಆರಿಸಬೇಕಾಯಿತು.

ಮರುದಿನ ಬೆಳಿಗ್ಗೆ ಸ್ಪೀಕರನ್ನು ಕಿಟಕಿಯಲ್ಲಿಟ್ಟೆ. ಈ ಸಲ ಅವಳು ಆಫ್ ಮಾಡಿ ಎನ್ನಲಿಲ್ಲ.

"ಬಿಡುವು ಉದ್ದ ಇದೆ, ಗೊತ್ತಲ್ಲ?" ಎಂದೆ.

"ಗೊತ್ತು ರೀ. ಹೇಳಿಸಿದ್ದು ನಾನೇ ಅಲ್ವಾ?"

ಹಾಡು ಏರಿತು. ಅವಳು ಹೊಲಿಯುತ್ತಿದ್ದಳು. ಎಲ್ಲ ಒಮ್ಮೆಲೇ ನಿಂತಿತು. ಮಿಷನ್ನೂ ನಿಂತಿತು. ಹಳೆಯ ಜಾಗ ಬಂದೊಡನೆ ಅವಳ ಕಾಲು ಪೆಡಲ್ ಒತ್ತಿಬಿಟ್ಟಿತು. ಸೂಜಿ ಬಟ್ಟೆಯೊಳಗೆ ಇಳಿದು, ಒಂದು ಹೊಲಿಗೆ ಹಾಕಿ ಎದ್ದಿತು.

ಅವಳು ತನ್ನ ಪಾದವನ್ನು ನೋಡಿದಳು. ಆಮೇಲೆ ನನ್ನನ್ನು.

"ನಾನೂ ಓಡ್ಬಿಟ್ಟೆ ರೀ," ಎಂದಳು.

ನಾನು ಅವಳ ತೋಳು ಹಿಡಿದುಕೊಂಡೆ. ಡ್ರಮ್ಮು ಬೀಳಲು ಇನ್ನೂ ಹೊತ್ತಿತ್ತು.